ಎಳೆ ಬರುವ ಲೋಳೆ ಮೊಸರು: ಅದು ಕೆಟ್ಟಿದೆಯಾ, ಔಷಧವಾ?

ಪ್ರಶ್ನೆ: ಚಳಿಗಾಲ ಬಂದರೆ ನಮ್ಮ ಮನೆಯಲ್ಲಿ ಮೊಸರು ಲೋಳೆಯಾಗುತ್ತದೆ. ಚಮಚ ಎತ್ತಿದರೆ ದಾರದ ಹಾಗೆ ಎಳೆ ಬರುತ್ತದೆ. ವಾಸನೆ, ರುಚಿ ಏನೂ ಕೆಟ್ಟಿರುವುದಿಲ್ಲ. ಆದರೂ ನಾನು ಚೆಲ್ಲುತ್ತಿದ್ದೆ. ಈಚೆಗೆ ವಾಟ್ಸಾಪ್‌ನಲ್ಲಿ ಒಂದು ವಿಡಿಯೊ ಬಂತು. ಆ ಲೋಳೆಯಲ್ಲಿ ಬ್ಯಾಕ್ಟೀರಿಯಾ ಮಾಡಿದ ಪಾಲಿಸ್ಯಾಕರೈಡ್ ಇದೆ, ಅದು ಕೊಲೆಸ್ಟ್ರಾಲ್, ಶುಗರ್, ಕ್ಯಾನ್ಸರ್ ಎಲ್ಲಕ್ಕೂ ಮದ್ದು ಎನ್ನುತ್ತಾರೆ. ಅದರ ಪುಡಿಯನ್ನೂ ಮಾರುತ್ತಿದ್ದಾರೆ. ನಮ್ಮ ಯಜಮಾನರಿಗೆ ಕೊಲೆಸ್ಟ್ರಾಲ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಲೋಳೆ ಮೊಸರು ತಿನ್ನಬಹುದಾ? ಪುಡಿ ತರಿಸಲಾ?

ಉತ್ತರ: ವಾಸನೆ, ರುಚಿ ಸರಿಯಿದ್ದರೆ ಆ ಮೊಸರನ್ನು ಧಾರಾಳವಾಗಿ ತಿನ್ನಿ. ಪುಡಿ ತರಿಸಬೇಡಿ. ಯಜಮಾನರ ಮಾತ್ರೆ ಡಾಕ್ಟರು ಹೇಳಿದ ಹಾಗೆಯೇ ನಡೆಯಲಿ. ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಆದರೆ ಆ ವಿಡಿಯೊ ಪೂರ್ತಿ ಸುಳ್ಳೂ ಅಲ್ಲ. ಇಲಿಗಳ ಮೇಲೆ ನಿಜವಾಗಿ ನಡೆದ ಪ್ರಯೋಗಗಳನ್ನು ಎತ್ತಿಕೊಂಡು ಮನುಷ್ಯರ ಲೆಕ್ಕಕ್ಕೆ ಬರೆದಿದ್ದಾರೆ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ.

ಮೊದಲು ಆ ಲೋಳೆ ಏನು ಅಂತ ನೋಡೋಣ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ತಿಂದು ಲ್ಯಾಕ್ಟಿಕ್ ಆಮ್ಲ ಬಿಡುತ್ತವೆ. ಹಾಲು ಹೆಪ್ಪುಗಟ್ಟುವುದು ಆ ಹುಳಿಯಿಂದ. ಕೆಲವು ತಳಿಗಳು ಇದರ ಜೊತೆಗೆ ಇನ್ನೊಂದು ಕೆಲಸ ಮಾಡುತ್ತವೆ. ಸಕ್ಕರೆಯ ಒಂದು ಸಣ್ಣ ಪಾಲನ್ನು ಒಂದಕ್ಕೊಂದು ಪೋಣಿಸಿ, ಉದ್ದನೆಯ ಸರ ಮಾಡಿ, ತಮ್ಮ ಮೈಯಿಂದ ಹೊರಗೆ ಬಿಡುತ್ತವೆ. ಇದೇ ಎಕ್ಸೋಪಾಲಿಸ್ಯಾಕರೈಡ್. 'ಪಾಲಿಸ್ಯಾಕರೈಡ್' ಎಂದರೆ ಸಕ್ಕರೆಗಳ ಸರ, 'ಎಕ್ಸೋ' ಎಂದರೆ ಹೊರಗೆ ಬಿಟ್ಟದ್ದು, ಅಷ್ಟೇ. ಸಾಮಾನ್ಯವಾಗಿ ಮೂರರಿಂದ ಎಂಟು ಸಕ್ಕರೆ ಅಣುಗಳ ಒಂದು ತುಂಡು ಇರುತ್ತದೆ. ಗ್ಲೂಕೋಸ್, ಗ್ಯಾಲಕ್ಟೋಸ್, ಕೆಲವೊಮ್ಮೆ ರ‍್ಯಾಮ್ನೋಸ್. ಅದೇ ತುಂಡು ನೂರಾರು, ಸಾವಿರಾರು ಸಲ ಮರುಕಳಿಸಿ ಸರವಾಗುತ್ತದೆ. ಯಾವ ಸಕ್ಕರೆ, ಯಾವ ಕಡೆ ಕೊಂಡಿ, ಪಕ್ಕಕ್ಕೆ ಕೊಂಬೆ ಇದೆಯಾ ಎಂಬುದು ತಳಿಯಿಂದ ತಳಿಗೆ ಬೇರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಚಳಿಗಾಲದಲ್ಲೇ ಏಕೆ? ಎಳೆ ಬಿಡುವ ತಳಿಗಳಲ್ಲಿ ಹಲವು ಲ್ಯಾಕ್ಟೋಕಾಕಸ್ ಎಂಬ ಬ್ಯಾಕ್ಟೀರಿಯಾ ಗುಂಪಿನವು. ಅವುಗಳಿಗೆ ತಂಪೇ ಇಷ್ಟ. 20 ಡಿಗ್ರಿ ಆಸುಪಾಸಿನಲ್ಲಿ ನಿಧಾನಕ್ಕೆ ಬೆಳೆಯುತ್ತಾ ಲೋಳೆ ಜಾಸ್ತಿ ಬಿಡುತ್ತವೆ. ಇದಕ್ಕೆ ಒಂದು ಸೊಗಸಾದ ವಿವರಣೆ ಇದೆ. ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟಲು ಸಕ್ಕರೆಯನ್ನು ಪೊರೆಯ ಆಚೆ ಸಾಗಿಸಬೇಕು. ಅದಕ್ಕೆ ಕೊಬ್ಬಿನ ಜಾತಿಯ ಒಂದು ಅಣುವನ್ನು ಬಳಸುತ್ತದೆ. ಲೋಳೆಯ ಸರ ಸಾಗಿಸುವುದಕ್ಕೂ ಅದೇ ಅಣು ಬೇಕು. ಬೇಸಿಗೆಯಲ್ಲಿ ಬೆಳವಣಿಗೆ ಬಿರುಸಾಗಿರುವಾಗ ಎಲ್ಲವೂ ಗೋಡೆ ಕಟ್ಟಲು ಹೋಗುತ್ತದೆ. ಚಳಿಯಲ್ಲಿ ಬೆಳವಣಿಗೆ ನಿಧಾನ, ಲೋಳೆಗೆ ಬಿಡುವು ಸಿಗುತ್ತದೆ.

ಇನ್ನೊಂದು ವಿಷಯ. ಲ್ಯಾಕ್ಟೋಕಾಕಸ್‌ನಲ್ಲಿ ಲೋಳೆ ಮಾಡುವ ಜೀನ್‌ಗಳು ಮುಖ್ಯ ಡಿಎನ್ಎಯಲ್ಲಿ ಇರುವುದಿಲ್ಲ. ಪ್ಲಾಸ್ಮಿಡ್ ಎಂಬ ಪುಟ್ಟ ಉಂಗುರದಲ್ಲಿ ಇರುತ್ತವೆ. ಬ್ಯಾಕ್ಟೀರಿಯಾ ಒಡೆದು ಎರಡಾಗುವಾಗ ಆ ಉಂಗುರ ಒಂದು ಮರಿಗೆ ಸಿಗದೇ ಹೋಗಬಹುದು. ಸೆಖೆಯಲ್ಲಿ ಇದು ಇನ್ನೂ ಜಾಸ್ತಿ. ಆದ್ದರಿಂದಲೇ ಒಂದೇ ಹೆಪ್ಪಿನಿಂದ ಮಾಡಿದ ಮೊಸರು ಒಂದು ತಿಂಗಳು ಎಳೆ ಬರುತ್ತದೆ, ಇನ್ನೊಂದು ತಿಂಗಳು ಗಟ್ಟಿಯಾಗಿ ಕೂರುತ್ತದೆ. ನಿಮ್ಮ ಕೈಗುಣದ ತಪ್ಪಲ್ಲ.

ನಾವು ಮೂಗು ಮುರಿಯುವ ಈ ಎಳೆಯನ್ನೇ ಕೇಳಿ ಕೊಳ್ಳುವ ದೇಶಗಳೂ ಇವೆ. ಫಿನ್‌ಲೆಂಡಿನಲ್ಲಿ ವಿಲಿ ಎಂಬ ಮೊಸರು ಇದೆ. ಅದನ್ನು 20 ಡಿಗ್ರಿ ಸುಮಾರಿಗೆ ಹೆಚ್ಚುಕಡಿಮೆ ಒಂದು ದಿನ ಇಟ್ಟು ಮಾಡುತ್ತಾರೆ. ಮೇಲ್ಮೈಯಲ್ಲಿ ಜಿಯೋಟ್ರೈಕಮ್ ಎಂಬ ಬೂಷ್ಟು ಮೆತ್ತನೆಯ ಬಿಳಿ ಪದರ ಕಟ್ಟುತ್ತದೆ. ಅದರ ಕೆಳಗೆ ಚಮಚ ಹಾಕಿ ಎತ್ತಿದರೆ ಎಳೆ ತುಂಡಾಗುವುದೇ ಇಲ್ಲ. ಜಪಾನಿನಲ್ಲಿ 'ಕ್ಯಾಸ್ಪಿಯನ್ ಸಮುದ್ರದ ಯೋಗರ್ಟ್' ಮನೆಮನೆಯಲ್ಲೂ ಹರಡಿತ್ತು. ಯುಕಿಯೋ ಯಮೋರಿ ಎಂಬ ವಿಜ್ಞಾನಿ 1986ರಲ್ಲಿ ಜಾರ್ಜಿಯಾ ದೇಶದಿಂದ ಅದರ ಹೆಪ್ಪು ತಂದರು. ಆಮೇಲೆ ಪರಿಚಯದವರಿಂದ ಪರಿಚಯದವರಿಗೆ ಕೈ ದಾಟಿತು, ನಮ್ಮಲ್ಲಿ ಪಕ್ಕದ ಮನೆಯಿಂದ ಹೆಪ್ಪು ತರುವ ಹಾಗೆಯೇ. ಇನ್ನು ಕಾಕಸಸ್ ಬೆಟ್ಟಗಳ ಕಡೆಯ ಕೆಫಿರ್ ಎಂಬ ಹುಳಿ ಹಾಲು ಗೊತ್ತಿರಬಹುದು. ಹೂಕೋಸಿನ ಚೂರುಗಳಂತೆ ಕಾಣುವ ಕೆಫಿರ್ ಕಾಳುಗಳನ್ನು ಹಿಡಿದು ನಿಲ್ಲಿಸಿರುವುದೇ ಕೆಫಿರಾನ್ ಎಂಬ ಪಾಲಿಸ್ಯಾಕರೈಡ್.

ಹಾಗಂತ ಎಲ್ಲ ಲೋಳೆಯೂ ಒಳ್ಳೆಯದಲ್ಲ. ಹಾಲು ಹುಳಿಯಾಗುವ ಮೊದಲೇ ಎಳೆ ಬಂದರೆ ಅದು ಬೇರೆ ಕಥೆ. ನೀರಿನಿಂದ, ಪಾತ್ರೆಯಿಂದ, ಕೊಟ್ಟಿಗೆಯಿಂದ ಸೇರಿದ ಬ್ಯಾಕ್ಟೀರಿಯಾಗಳೂ ಲೋಳೆ ಬಿಡುತ್ತವೆ. ಕ್ಲೆಬ್ಸಿಯೆಲ್ಲಾ, ಎಂಟೆರೋಬ್ಯಾಕ್ಟರ್ ಥರದವು. ಆಗ ಹುಳಿ ಇರುವುದಿಲ್ಲ ಅಥವಾ ಕಡಿಮೆ ಇರುತ್ತದೆ. ಗುಳ್ಳೆ ಕಾಣಬಹುದು, ಕಹಿ ಬರಬಹುದು, ವಾಸನೆ ಕೊಳಕಾಗಿರುತ್ತದೆ. ಅದನ್ನು ಯೋಚನೆ ಮಾಡದೆ ಚೆಲ್ಲಿ. ಗುಲಾಬಿ ಅಥವಾ ಹಸಿರು ಬಣ್ಣ ಕಂಡರೂ ಅಷ್ಟೇ. ನಿಮ್ಮ ಮೊಸರು ಚೆನ್ನಾಗಿ ಹುಳಿಯಾಗಿ, ಮೊಸರಿನ ವಾಸನೆಯೇ ಇದ್ದು, ಬರೀ ಎಳೆ ಬರುತ್ತದೆ ಎನ್ನುತ್ತೀರಿ. ಅದು ಹೆಪ್ಪಿನ ಬ್ಯಾಕ್ಟೀರಿಯಾದ್ದೇ ಲೋಳೆ. ಮನೆಯಲ್ಲಿ ಕಿಮೋಥೆರಪಿ ತೆಗೆದುಕೊಳ್ಳುವವರು ಅಥವಾ ತೀರಾ ಎಳೆಯ ಮಕ್ಕಳು ಇದ್ದರೆ ಮಾತ್ರ ಹೊಸ ಹೆಪ್ಪಿನ ತಾಜಾ ಮೊಸರೇ ಇರಲಿ.

ಈಗ ಆರೋಗ್ಯದ ವಿಷಯ. ಲ್ಯಾಬ್‌ನಲ್ಲಿ ಈ ಲೋಳೆಯನ್ನು ಬೇರ್ಪಡಿಸುವುದು ಹೇಗೆ ಎಂದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಂತೆ. ಮೊಸರಿಗೆ ಆಮ್ಲ ಹಾಕಿ ಪ್ರೋಟೀನನ್ನು ಒಡೆಸಿ, ಗಿರಗಿರ ತಿರುಗುವ ಯಂತ್ರದಲ್ಲಿ ತಳಕ್ಕೆ ಕೂರಿಸುತ್ತಾರೆ. ಮೇಲೆ ಉಳಿದ ತಿಳಿನೀರಿಗೆ ತಣ್ಣನೆಯ ಆಲ್ಕೋಹಾಲ್ ಎರಡು ಮೂರು ಪಟ್ಟು ಸುರಿದು ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಡುತ್ತಾರೆ. ಬೆಳಿಗ್ಗೆ ಬಿಳಿ ನೂಲಿನ ಮುದ್ದೆ ತೇಲುತ್ತಿರುತ್ತದೆ. ಅದನ್ನು ನೀರಿನಲ್ಲಿ ಕರಗಿಸಿ, ಸಣ್ಣ ರಂಧ್ರಗಳ ಚೀಲದಲ್ಲಿ ಕಟ್ಟಿ, ಎರಡು ದಿನ ನೀರು ಬದಲಿಸುತ್ತಾ ನೆನೆಸುತ್ತಾರೆ. ಉಳಿದ ಲ್ಯಾಕ್ಟೋಸ್, ಉಪ್ಪು ಎಲ್ಲ ಹೊರಗೆ ಹೋಗುತ್ತದೆ. ಆಮೇಲೆ ಮಂಜುಗಡ್ಡೆಯಾಗಿಸಿ ಒಣಗಿಸಿದರೆ ಬಾಟಲಿಯ ತಳದಲ್ಲಿ ಅರಳಿದ ಹತ್ತಿಯಂಥದು ಉಳಿಯುತ್ತದೆ. ಊದಿದರೆ ಹಾರಿಹೋಗುವಷ್ಟು ಹಗುರ. ಒಂದು ಲೀಟರ್ ಮೊಸರಿನಿಂದ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಗ್ರಾಂನಿಂದ ಕೆಲವು ನೂರು ಮಿಲಿಗ್ರಾಂ. ಅಷ್ಟೇ ಸಿಗುವುದು.

ಒಳ್ಳೆಯ ಲೋಳೆ ತಳಿ ಎಂದು 300 ಮಿಲಿಗ್ರಾಂ ಹಿಡಿಯೋಣ. ನಿಮ್ಮ ಯಜಮಾನರು ಊಟಕ್ಕೆ ಒಂದು ಬಟ್ಟಲು, ಅಂದರೆ 150 ಗ್ರಾಂ ಮೊಸರು ತಿಂದರೆ ಹೊಟ್ಟೆಗೆ ಹೋಗುವುದು 45 ಮಿಲಿಗ್ರಾಂ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 11 ಗ್ರಾಂ ನಾರಿನಂಶ ಇದೆ. ಬಟ್ಟಲು ಮೊಸರಿನ ಲೋಳೆಗಿಂತ 200 ಪಟ್ಟಿಗೂ ಜಾಸ್ತಿ. ಲೋಳೆಯನ್ನು 'ನಾರು' ಎಂದು ಹೊಗಳುವವರು ಈ ಲೆಕ್ಕ ಹೇಳುವುದಿಲ್ಲ.

ಕೊಲೆಸ್ಟ್ರಾಲ್ ಮಾತಿಗೆ ಬರೋಣ, ನಿಮಗೆ ಬೇಕಾದದ್ದು ಅದೇ ಅಲ್ವಾ. ಎಳೆ ಬರುವ ಲ್ಯಾಕ್ಟೋಕಾಕಸ್ ಹಾಕಿ ಮಾಡಿದ ಹಾಲಿನ ಉತ್ಪನ್ನವನ್ನು ಇಲಿಗಳಿಗೆ ತಿನ್ನಿಸಿದಾಗ ರಕ್ತದ ಕೊಲೆಸ್ಟ್ರಾಲ್ ಇಳಿಯಿತು ಎಂದು 1992ರಲ್ಲೇ ಜಪಾನಿನವರು ಪ್ರಕಟಿಸಿದರು. ಇದಕ್ಕೆ ಕೊಡುವ ಕಾರಣ ತರ್ಕಬದ್ಧವಾಗಿಯೇ ಇದೆ. ಯಕೃತ್ತು ಕೊಲೆಸ್ಟ್ರಾಲಿನಿಂದ ಪಿತ್ತರಸದ ಆಮ್ಲ ಮಾಡುತ್ತದೆ. ಕರುಳಿನಲ್ಲಿ ಅದರ ಕೆಲಸ ಮುಗಿದ ಮೇಲೆ ದೇಹ ಅದನ್ನು ಮತ್ತೆ ಹೀರಿಕೊಂಡು ಉಳಿಸುತ್ತದೆ. ಯಾವುದಾದರೂ ವಸ್ತು ಅದನ್ನು ಹಿಡಿದುಕೊಂಡು ಮಲದ ಜೊತೆ ಹೊರಗೆ ಹಾಕಿದರೆ, ಯಕೃತ್ತು ಹೊಸದಾಗಿ ಮಾಡಬೇಕು. ಅದಕ್ಕೆ ರಕ್ತದ ಕೊಲೆಸ್ಟ್ರಾಲ್ ಖರ್ಚಾಗುತ್ತದೆ. ಗಾಜಿನ ನಳಿಕೆಯಲ್ಲಿ ಕೆಲವು ಬ್ಯಾಕ್ಟೀರಿಯಾ ಲೋಳೆಗಳು ಪಿತ್ತದ ಆಮ್ಲವನ್ನು ಹಿಡಿಯುವುದನ್ನೂ ತೋರಿಸಿದ್ದಾರೆ.

ಆದರೆ ಇದೇ ದಾರಿಯಲ್ಲಿ ಕೆಲಸ ಮಾಡುವ ನಿಜವಾದ ಔಷಧ ಒಂದಿದೆ, ಕೊಲೆಸ್ಟೈರಮಿನ್. ಅದನ್ನು ದಿನಕ್ಕೆ 4 ಗ್ರಾಂನಿಂದ ಶುರು ಮಾಡಿ 24 ಗ್ರಾಂವರೆಗೂ ಕೊಡುತ್ತಾರೆ. ಪಿತ್ತ ಹಿಡಿಯುವುದಕ್ಕೆಂದೇ ತಯಾರಿಸಿದ ಔಷಧಕ್ಕೇ ಗ್ರಾಂಗಟ್ಟಲೆ ಬೇಕು. ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ ಗ್ಲೂಕಾನ್ ಕೂಡ ಪಾಲಿಸ್ಯಾಕರೈಡೇ. ಅದು ಕೊಲೆಸ್ಟ್ರಾಲ್ ಇಳಿಸುತ್ತದೆ ಎಂದು ಹೇಳಲು ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಎರಡೂ ಒಪ್ಪಿವೆ. ಷರತ್ತು, ದಿನಕ್ಕೆ 3 ಗ್ರಾಂ ಹೊಟ್ಟೆಗೆ ಹೋಗಬೇಕು. ಮೊಸರಿನ ಲೋಳೆಯಲ್ಲಿ ಅಷ್ಟು ಬೇಕಾದರೆ ದಿನಕ್ಕೆ 10 ಲೀಟರ್ ಮೊಸರು ತಿನ್ನಬೇಕು. ಅಷ್ಟು ತಿಂದರೆ ಕೆನೆಯಿಂದಲೇ ಕೊಲೆಸ್ಟ್ರಾಲ್ ಏರುತ್ತದೆ.

ಹಾಗಾದರೆ ಮಿಲಿಗ್ರಾಂ ಲೆಕ್ಕದಲ್ಲಿ ಏನೂ ಆಗುವುದಿಲ್ಲವೇ? ಇಲ್ಲೇ ವಿಷಯ ಸ್ವಾರಸ್ಯವಾಗುವುದು. ಪಿತ್ತ ಹಿಡಿಯಲು, ನಾರಿನ ಕೆಲಸ ಮಾಡಲು ಗ್ರಾಂ ಬೇಕು. ರೋಗನಿರೋಧಕ ಜೀವಕೋಶಗಳಿಗೆ ಸುದ್ದಿ ಮುಟ್ಟಿಸಲು ಅಷ್ಟು ಬೇಡ. ನಮ್ಮ ಕರುಳಿನ ಗೋಡೆಯಲ್ಲಿ ಅಂಥ ಕೋಶಗಳು ದಂಡಿಯಾಗಿ ಕೂತಿವೆ. ಬ್ಯಾಕ್ಟೀರಿಯಾದ ಸಕ್ಕರೆ ಸರಗಳನ್ನು ಗುರುತಿಸುವ ಗ್ರಾಹಕಗಳೂ (ರಿಸೆಪ್ಟರ್) ಅವುಗಳಲ್ಲಿವೆ. ಈ ಕ್ಷೇತ್ರದಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವ ಕೆಲಸವೆಲ್ಲ ಈ ದಾರಿಯದು.

ಅದರಲ್ಲೂ ಹೆಚ್ಚು ಓದಿಸಿಕೊಂಡದ್ದು ಜಪಾನಿನ ಮೆಯ್ಜಿ ಕಂಪನಿಯ ಆರ್-1 ಯೋಗರ್ಟ್. ಅದರಲ್ಲಿರುವುದು ಯೋಗರ್ಟ್ ಮಾಡುವ ಬಲ್ಗೇರಿಕಸ್ ಎಂಬ ಬ್ಯಾಕ್ಟೀರಿಯಾ ಜಾತಿಯ ಒಂದು ನಿರ್ದಿಷ್ಟ ತಳಿ. ಅದು ಬಿಡುವ ಲೋಳೆಯಲ್ಲಿ ಎರಡು ಬಗೆ. ಒಂದರಲ್ಲಿ ಬರೀ ಸಕ್ಕರೆ. ಇನ್ನೊಂದರಲ್ಲಿ ಸಕ್ಕರೆಯ ಜೊತೆ ರಂಜಕವೂ (ಫಾಸ್ಫರಸ್) ಇದೆ, ಹಾಗಾಗಿ ಆಮ್ಲದ ಗುಣ. ಇಲಿಯ ಗುಲ್ಮದ (ಸ್ಪ್ಲೀನ್) ಕೋಶಗಳನ್ನು ಕೆರಳಿಸಿ ಇಂಟರ್ಫೆರಾನ್ ಗಾಮಾ ಎಂಬ ಸಂದೇಶ ಬಿಡುಗಡೆ ಮಾಡಿಸಿದ್ದು ಈ ಎರಡನೆಯದು. ಈ ಯೋಗರ್ಟ್ ತಿನ್ನಿಸಿದ ಇಲಿಗಳಿಗೆ ಇನ್‌ಫ್ಲುಯೆಂಜಾ ವೈರಸ್ ಕೊಟ್ಟಾಗ ಅವು ಹೆಚ್ಚು ದಿನ ಬದುಕಿದವು ಎಂದೂ ವರದಿಯಾಯಿತು.

ಮನುಷ್ಯರ ಮೇಲೆ? 2010ರಲ್ಲಿ ಒಂದು ವರದಿ ಬಂತು. ಫುನಗಾಟ ಮತ್ತು ಅರಿಟ ಎಂಬ ಎರಡು ಊರುಗಳ ವಯಸ್ಸಾದವರು, ಒಂದರಲ್ಲಿ 57 ಜನ, ಇನ್ನೊಂದರಲ್ಲಿ 85. ಅರ್ಧದಷ್ಟು ಜನರಿಗೆ ದಿನಾ 90 ಗ್ರಾಂ ಆರ್-1 ಯೋಗರ್ಟ್, ಉಳಿದವರಿಗೆ ಹಾಲು. ಒಂದು ಕಡೆ 8 ವಾರ, ಇನ್ನೊಂದು ಕಡೆ 12 ವಾರ. ಎರಡನ್ನೂ ಸೇರಿಸಿ ನೋಡಿದಾಗ ಯೋಗರ್ಟ್ ತಿಂದವರಲ್ಲಿ ನೆಗಡಿ ಗಮನಾರ್ಹವಾಗಿ ಕಡಿಮೆ. ಪತ್ರಿಕೆಗಳು ಎತ್ತಿ ಆಡಿದ್ದು ಇದನ್ನೇ. ಆದರೆ ಹೋಲಿಸಿದ್ದು ಯೋಗರ್ಟನ್ನು ಹಾಲಿನ ಜೊತೆ. ಲೋಳೆ ಇರುವ ಯೋಗರ್ಟನ್ನು ಲೋಳೆ ಇಲ್ಲದ ಯೋಗರ್ಟಿನ ಜೊತೆ ಅಲ್ಲ. ಲಾಭ ಲೋಳೆಯದೋ, ಹುಳಿಯದೋ, ಜೀವಂತ ಬ್ಯಾಕ್ಟೀರಿಯಾದ್ದೋ ಬಿಡಿಸಲಾಗದು. ಬಾಯಿಗೆ ಹಾಕಿಕೊಂಡ ಕೂಡಲೇ ತಾನು ಯಾವ ಗುಂಪು ಎಂದು ಎಲ್ಲರಿಗೂ ತಿಳಿಯುತ್ತದೆ ಬೇರೆ. ಆಮೇಲೆ 2019ರಲ್ಲಿ ಇದೇ ಯೋಗರ್ಟನ್ನು ಆರೋಗ್ಯ ಕ್ಷೇತ್ರದಲ್ಲಿ ಕೆಲಸ ಮಾಡುವ 900ಕ್ಕೂ ಹೆಚ್ಚು ಮಹಿಳೆಯರ ಮೇಲೆ ಪರೀಕ್ಷಿಸಿದರು. ಯೋಗರ್ಟ್ ಕುಡಿದವರಿಗೂ ಕುಡಿಯದವರಿಗೂ ಇನ್‌ಫ್ಲುಯೆಂಜಾ ಬರುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎರಡನೇ ಸುದ್ದಿ ಯಾವ ವಾಟ್ಸಾಪ್ ಗುಂಪಿಗೂ ಬರುವುದಿಲ್ಲ.

ಇಷ್ಟೆಲ್ಲ ಆಗಿರುವುದೂ ಒಂದೇ ಒಂದು ತಳಿಯ ಬಗ್ಗೆ. ಆಗಲೇ ನೆನಪಿಟ್ಟುಕೊಳ್ಳಿ ಎಂದದ್ದು ಇದಕ್ಕೇ. ಸರದ ರಚನೆ ಬದಲಾದರೆ ಕೆಲಸವೂ ಬದಲಾಗುತ್ತದೆ. ರಂಜಕ ಇದ್ದರೆ ಒಂದು, ಇಲ್ಲದಿದ್ದರೆ ಇನ್ನೊಂದು. ನೆದರ್‌ಲೆಂಡಿನವರು ಹಲವು ತಳಿಗಳ ಲೋಳೆ ತೆಗೆದು ಮನುಷ್ಯರ ಮಲದಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಒಡ್ಡಿ ನೋಡಿದ್ದಾರೆ. ಕೆಲವನ್ನು ಅವು ಬೇಗ ತಿಂದು ಮುಗಿಸಿದವು, ಕೆಲವನ್ನು ಮುಟ್ಟಲೂ ಇಲ್ಲ. ಹಾಗಿದ್ದಮೇಲೆ 'ಮೊಸರಿನ ಲೋಳೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರ' ಎಂದು ಸಾರಾಸಗಟಾಗಿ ಹೇಳುವುದು ಹೇಗೆ? ನಿಮ್ಮ ಮನೆಯ ಹೆಪ್ಪಿನಲ್ಲಿ ಯಾವ ತಳಿ ಇದೆ ಎಂದು ನಿಮಗೂ ಗೊತ್ತಿಲ್ಲ, ವಿಡಿಯೊ ಮಾಡಿದವರಿಗಂತೂ ಮೊದಲೇ ಗೊತ್ತಿಲ್ಲ.

ಕ್ಯಾನ್ಸರ್ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಕೆಫಿರ್ ಕಾಳಿನ ಪಾಲಿಸ್ಯಾಕರೈಡ್ ಕೊಟ್ಟ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ತಗ್ಗಿತು ಎಂದು ಜಪಾನಿನಲ್ಲಿ 1982ರಲ್ಲೇ ಬರೆದಿದ್ದರು. ನಾಲ್ಕು ದಶಕ ಕಳೆದಿದೆ. ಅದು ಕ್ಯಾನ್ಸರಿನ ಔಷಧವಾಗಿ ಬಂದಿಲ್ಲ. ಚಿಕಿತ್ಸೆ ಬಿಟ್ಟು ಮೊಸರಿನ ಪುಡಿ ನೆಚ್ಚಿಕೊಳ್ಳುವ ಒಬ್ಬರು ಸಿಕ್ಕರೂ ಆ ವಿಡಿಯೊ ಮಾಡಿದ ಹಾನಿ ಸಣ್ಣದಲ್ಲ.

ಕೆಫಿರಾನ್ ಕೊಟ್ಟ ಇಲಿಗಳಲ್ಲಿ ಬಿಪಿ ಇಳಿದದ್ದು, ಸಕ್ಕರೆ ಇಳಿದದ್ದು, ಮಲಬದ್ಧತೆ ಕಡಿಮೆಯಾದದ್ದು ಎಲ್ಲ ಬರೆದಿದ್ದಾರೆ. ಅರ್ಜೆಂಟೀನಾದವರು ಒಂದು ಲೋಳೆ ತಳಿಯ ಮೊಸರು ಕೊಟ್ಟು ಇಲಿಗಳ ಹೊಟ್ಟೆಯ ಉರಿಯೂತ ತಗ್ಗಿಸಿದ್ದಾರೆ. ಒಳ್ಳೆಯ ಸುಳಿವುಗಳು, ಚಿಕಿತ್ಸೆಯಲ್ಲ. 'ಆಂಟಿಆಕ್ಸಿಡೆಂಟ್' ಎಂಬ ವರದಿಗಳನ್ನಂತೂ ನಾನು ಪುಟ ಮಗುಚಿ ಮುಂದೆ ಹೋಗುತ್ತೇನೆ. ಒಂದು ನೇರಳೆ ಬಣ್ಣದ ರಾಸಾಯನಿಕಕ್ಕೆ ಲೋಳೆ ಬೆರೆಸಿ ಬಣ್ಣ ಎಷ್ಟು ಮಾಸಿತು ಎಂದು ಅಳೆಯುತ್ತಾರೆ. ಹಾಕುವ ಪ್ರಮಾಣ ಮಿಲಿಲೀಟರಿಗೆ ಮಿಲಿಗ್ರಾಂಗಳಷ್ಟು. ಇಂಥ ದೊಡ್ಡ ಸರ ಕರುಳು ದಾಟಿ ರಕ್ತಕ್ಕೆ ಅಷ್ಟು ಪ್ರಮಾಣದಲ್ಲಿ ಹೋಗುವುದೇ ಇಲ್ಲ. ಜೊತೆಗೆ ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ದ್ರಾವಣದಲ್ಲಿ ಈಸ್ಟಿನ ಸಾರ ಇರುತ್ತದೆ. ಅದರಲ್ಲಿ ಈಸ್ಟಿನದೇ ಮ್ಯಾನಾನ್ ಎಂಬ ಪಾಲಿಸ್ಯಾಕರೈಡ್ ಇದೆ. ಆಲ್ಕೋಹಾಲ್ ಸುರಿದಾಗ ಅದೂ ಜೊತೆಗೇ ಬಂದು ಕೂರುತ್ತದೆ. ಸರಿಯಾಗಿ ಶುದ್ಧ ಮಾಡದಿದ್ದರೆ ಈಸ್ಟಿನ ಗುಣವನ್ನು ಮೊಸರಿನ ಬ್ಯಾಕ್ಟೀರಿಯಾದ ಗುಣ ಎಂದು ಅಚ್ಚು ಹಾಕಿಸಿದಂತೆ ಆಗುತ್ತದೆ.

ಬ್ಯಾಕ್ಟೀರಿಯಾ ಪಾಲಿಸ್ಯಾಕರೈಡ್ ಆಸ್ಪತ್ರೆಗೆ ಬಂದೇ ಇಲ್ಲ ಅಂತಲ್ಲ. ಲ್ಯೂಕೋನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಸಕ್ಕರೆಯಿಂದ ಮಾಡುವ ಡೆಕ್ಸ್‌ಟ್ರಾನ್ ಇದೆ. ರಕ್ತ ಸೋರಿ ಹೋದವರಿಗೆ ರಕ್ತನಾಳ ತುಂಬಿಸಲು ಅದನ್ನು ಡ್ರಿಪ್ ಮೂಲಕ ಕೊಡುತ್ತಿದ್ದರು. ಅದೇ ಬ್ಯಾಕ್ಟೀರಿಯಾ ನಮ್ಮ ಇಡ್ಲಿ ಹಿಟ್ಟಿನಲ್ಲೂ ಇದೆ. ಕಡಿದ ಕಬ್ಬು ಅರೆಯದೆ ಉಳಿದರೆ ಸಕ್ಕರೆ ಕಾರ್ಖಾನೆಯಲ್ಲಿ ರಸ ಲೋಳೆಯಾಗುವುದೂ ಅದರಿಂದಲೇ. ಆದರೆ ಡ್ರಿಪ್ಪಿಗೆ ಹೋಗುವ ಡೆಕ್ಸ್‌ಟ್ರಾನ್ ಎಷ್ಟು ಉದ್ದದ ಸರ ಎಂದು ಅಳೆದು, ಶುದ್ಧ ಮಾಡಿ, ವೈದ್ಯರ ಕಣ್ಣೆದುರು ಕೊಡುವ ಔಷಧ. ಇಡ್ಲಿ ಹಿಟ್ಟು ಔಷಧವಲ್ಲ.

ನೀವು ಕೇಳಿದ ಪುಡಿಯ ಡಬ್ಬಿಯ ಮೇಲೆ ತಳಿಯ ಪೂರ್ತಿ ಹೆಸರು, ಒಂದು ಚಮಚದಲ್ಲಿ ಎಷ್ಟು ಮಿಲಿಗ್ರಾಂ, ಇದೇ ಪುಡಿಯನ್ನು ಮನುಷ್ಯರ ಮೇಲೆ ಪರೀಕ್ಷಿಸಿದ್ದಾರಾ ಎಂದು ಹುಡುಕಿ. ಬರೀ 'ಬ್ಯಾಕ್ಟೀರಿಯಲ್ ಪಾಲಿಸ್ಯಾಕರೈಡ್' ಎಂದಿದ್ದರೆ ಅದಕ್ಕೆ ಅರ್ಥವಿಲ್ಲ. ಐಸ್‌ಕ್ರೀಮ್, ಸಾಸ್ ದಪ್ಪ ಮಾಡಲು ಹಾಕುವ ಕ್ಸಾಂಥನ್ ಗಮ್ ಕೂಡ ಬ್ಯಾಕ್ಟೀರಿಯಾದ ಪಾಲಿಸ್ಯಾಕರೈಡೇ.

ಮೊಸರಿಗೆ ಸುಮ್ನೆ ಮೊಸರಾಗಿಯೇ ಬೆಲೆ ಇದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಜೀವಂತ ಬ್ಯಾಕ್ಟೀರಿಯಾ ಇರುವ ಯೋಗರ್ಟ್ ಲ್ಯಾಕ್ಟೋಸ್ ಜೀರ್ಣಿಸಲು ನೆರವಾಗುತ್ತದೆ ಎಂಬುದನ್ನು ಯುರೋಪಿನ ಸಂಸ್ಥೆ 2010ರಲ್ಲಿ ಒಪ್ಪಿತು. ವಾರಕ್ಕೆ ಕನಿಷ್ಠ ಎರಡು ಕಪ್ ಯೋಗರ್ಟ್ ತಿನ್ನುವುದರಿಂದ ಟೈಪ್ 2 ಡಯಾಬಿಟಿಸ್ ಬರುವ ಅಪಾಯ ಕಡಿಮೆಯಾಗಬಹುದು, ಆದರೆ ಪುರಾವೆ ಸೀಮಿತ ಎಂಬ ಒಕ್ಕಣೆಯನ್ನು ಡಬ್ಬಿಯ ಮೇಲೆ ಹಾಕಲು ಅಮೆರಿಕದ ಎಫ್‌ಡಿಎ 2024ರಲ್ಲಿ ಅವಕಾಶ ಕೊಟ್ಟಿತು. ಅದು ಇಡೀ ಯೋಗರ್ಟಿನ ಬಗ್ಗೆ, ಅದರೊಳಗಿನ ಲೋಳೆಯ ಬಗ್ಗೆ ಅಲ್ಲ.

ಲೋಳೆಯ ನಿಜವಾದ ಉಪಯೋಗ ಡೇರಿಯವರಿಗೆ ಚೆನ್ನಾಗಿ ಗೊತ್ತು. ಅದು ನೀರನ್ನು ಹಿಡಿದಿಡುತ್ತದೆ. ಕೊಬ್ಬು ತೆಗೆದ ಹಾಲಿನ ಮೊಸರು ತೆಳ್ಳಗಾಗಿ ನೀರು ಬಿಡುತ್ತದೆ ಅಲ್ವಾ, ಹದವಾಗಿ ಲೋಳೆ ಬಿಡುವ ತಳಿ ಹಾಕಿದರೆ ಜೆಲಟಿನ್, ಪಿಷ್ಟ ಏನೂ ಬೆರೆಸದೆ ಗಟ್ಟಿಯಾಗಿ, ನುಣ್ಣಗೆ ನಿಲ್ಲುತ್ತದೆ. ನಿಮ್ಮ ಯಜಮಾನರ ಕೊಲೆಸ್ಟ್ರಾಲಿಗೆ ಸಹಾಯ ಆಗುವುದಿದ್ದರೆ ಈ ಬಳಸುದಾರಿಯಲ್ಲೇ. ಗಟ್ಟಿ ಹಾಲಿನ ಬದಲು ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ತನ್ನಿ, ಕಾಯಿಸಿ ಆರಿಸಿ ಕೆನೆ ತೆಗೆದು ಹೆಪ್ಪು ಹಾಕಿ. ನಿಮ್ಮ ಹೆಪ್ಪಿನಿಂದ ಅದು ನೀರಾಗದೆ ಕೂರುತ್ತದೆ. ಊಟದಲ್ಲಿ ರಾಗಿ, ಕಾಳು, ಸೊಪ್ಪು ಇರಲಿ.

ಎಳೆ ನೋಡಿದರೆ ಅವರು ಬಟ್ಟಲು ದೂಡುತ್ತಾರಾ? ಹಾಗಿದ್ದರೆ ಮಜ್ಜಿಗೆ ಮಾಡಿ. ಜೋರಾಗಿ ಕಡೆದರೆ ಎಳೆ ಮುರಿದುಹೋಗುತ್ತದೆ. ಎಳೆ ಬರದ ಮೊಸರೇ ಬೇಕೆಂದರೆ ಗಟ್ಟಿ ಮೊಸರಾಗುವ ಮನೆಯಿಂದ ಹೆಪ್ಪು ತನ್ನಿ. ಹಾಲು ಕೈಗೆ ಚೆನ್ನಾಗಿ ಬೆಚ್ಚಗಿರುವಾಗಲೇ ಹೆಪ್ಪು ಹಾಕಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ಅಥವಾ ಹಾಟ್‌ಬಾಕ್ಸಿನಲ್ಲಿ ಇಡಿ. ಬೆಚ್ಚಗೆ ಬೇಗ ಹೆಪ್ಪಾದರೆ ಲೋಳೆ ತಳಿಗಳು ಹಿಂದೆ ಬೀಳುತ್ತವೆ. ಹಳೇ ಮೊಸರಿನ ಪಾತ್ರೆ, ಸೌಟು ಎರಡಕ್ಕೂ ಕುದಿಯುವ ನೀರು ಹಾಕಿ ತೊಳೆಯಿರಿ. ಇಲ್ಲದಿದ್ದರೆ ಅಂಚಿನಲ್ಲಿ ಅಂಟಿ ಉಳಿದದ್ದೇ ಹೊಸ ಮೊಸರಿಗೂ ಸೇರಿಕೊಂಡು, ಎರಡು ವಾರದಲ್ಲಿ ಮತ್ತೆ ಎಳೆ ಶುರುವಾಗುತ್ತದೆ.